ಸಿಂಕಿನ ಕೆಳಗಿದ್ದ ಹಗೆ

ನನ್ನ ಅಳಿಯನನ್ನು ನಮ್ಮ ಬೀದಿಯವರು ವಾಷರ್ ಎಂದೇ ಕರೆಯುವುದು. ನಲ್ಲಿ, ಕೊಳವೆ, ಸಿಂಕು ರಿಪೇರಿ ಅವನ ಕಸುಬು. ಅಂಗಿ ಜೇಬಿನಲ್ಲಿ ಸದಾ ರಬ್ಬರ್ ವಾಷರುಗಳು ಇರುತ್ತವೆ. ಬಟ್ಟೆ ಒಗೆಯುವಾಗ ನಾನು ಮರೆತರೆ ಬಕೆಟ್ಟಿನ ತಳದಲ್ಲಿ ಕೂತು ನನ್ನನ್ನು ನೋಡುತ್ತವೆ. ಯಾರ ಮನೆಗಾದರೂ ಊಟಕ್ಕೆ ಹೋಗಿ, ಒಳಗೆಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಅವನಿಗೆ ತುತ್ತು ಇಳಿಯುವುದಿಲ್ಲ. ತಟ್ಟೆ ಬದಿಗಿಟ್ಟು ಎದ್ದುಬಿಡುತ್ತಾನೆ.

ಕೊಳವೆಗಳ ಜೊತೆ ಅವನು ಮಾತನಾಡುವುದನ್ನು ಕೇಳಬೇಕು. "ನಿಮ್ಮಪ್ಪನಂಥಾವ್ರನ್ನ ನೋಡಿದೀನಿ, ನೀನ್ಯಾವ ಗಿಡದ ತೊಪ್ಪಲು" ಎಂದು ತುಕ್ಕು ಹಿಡಿದ ತಿರುಪಿಗೆ ಬೈಯುತ್ತಾನೆ. ಒಮ್ಮೆ ಕೈಕೊಟ್ಟ ಕೊಳವೆಯನ್ನು ಮರೆಯುವವನಲ್ಲ. ಮನುಷ್ಯರ ವಿಷಯದಲ್ಲೂ ಹಾಗೇ. ನನ್ನ ಮಗಳು ನಗುತ್ತಿದ್ದಳು: "ಅಮ್ಮಾ, ಇವರ ಹಗೆಗೆ ತುಕ್ಕು ಹಿಡಿಯಲ್ಲ."

ಅವಳಿಗೆ ಪಿತ್ತಕೋಶದಲ್ಲಿ ಕಲ್ಲು. ಸಣ್ಣ ಆಪರೇಷನ್ ಅಂದರು. ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಮೂಲೆಯ ಕಿಟಕಿಯ ಬಳಿ, ಕೈ ತೊಳೆಯುವ ಸಿಂಕಿನ ಪಕ್ಕದ ಮಂಚ ಸಿಕ್ಕಿತು. "ಪ್ಲಂಬರ್ ಹೆಂಡತಿ ಅಂತ ಹೇಗೋ ಗೊತ್ತಾಗಿದೆ ಇವರಿಗೆ, ನೀರಿನ ಹತ್ತಿರಾನೇ ಮಲಗಿಸಿದಾರೆ" ಎಂದು ಅವಳು ತಮಾಷೆ ಮಾಡಿದಳು. ಅವನು ಕೂತಲ್ಲಿಂದಲೇ ಸಿಂಕನ್ನು ಒಮ್ಮೆ ನೋಡಿ, "ನಲ್ಲಿ ನೀರು ನೆಟ್ಟಗೆ ತೂತಿನ ಮೇಲೇ ಬೀಳ್ತಿದೆ, ಹಾರುತ್ತೆ. ಯಾವನೋ ದಡ್ಡ ಹಾಕಿದ್ದು" ಎಂದ. ಅದು ಅವನ ಮಾಮೂಲಿ ದೂರು. ನಾವು ಕಿವಿಗೊಡಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲೆ ಗಾಯ ಕೆಂಪಾಯಿತು, ಕೀವಾಯಿತು, ಜ್ವರ ಏರಿತು. ಒಂದು ಮದ್ದು ಹಾಕಿದರು, ಇಳಿಯಲಿಲ್ಲ. ಇನ್ನೊಂದು ಹಾಕಿದರು. ಡಾಕ್ಟರು ತಲೆ ತಗ್ಗಿಸಿಕೊಂಡು, "ಇದು ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಅಮ್ಮಾ" ಎಂದರು. ಮಗಳು ಗುರುತು ಹಿಡಿಯುವುದನ್ನು ಬಿಟ್ಟಳು. ಒಂದು ಮಧ್ಯಾಹ್ನ ಅಳಿಯ ಅವಳ ಮಂಚದ ಅಂಚಿನಲ್ಲಿ ಕೂತು ಕೈ ಹಿಡಿದುಕೊಂಡಿದ್ದ. ಆಗ ಬಂದಳು ವಾರ್ಡಿನ ಯಜಮಾನಿ, ಎಲ್ಲರೂ ದೊಡ್ಡ ಸಿಸ್ಟರ್ ಅನ್ನುವವಳು. ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ಒರೆಸಿದ ಕನ್ನಡಿಯಂಥ ಬೂಟು.

"ಏಳ್ರೀ ಮೇಲೆ! ಮಂಚದ ಮೇಲೆ ಕೂರ್ಬಾರ್ದು ಅಂತ ಎಷ್ಟು ಸಲ ಹೇಳ್ಬೇಕು? ಚರಂಡೀಲಿ ಕೈ ಹಾಕೋರು ನೀವು. ಸೋಂಕು ತರೋರು ನೀವೇ, ಆಮೇಲೆ ಅಳೋರೂ ನೀವೇ."

ವಾರ್ಡಿಗೆ ವಾರ್ಡೇ ಕೇಳಿಸಿಕೊಂಡಿತು. ಅವನು ಎದ್ದು ನಿಂತ. ತನ್ನ ಎರಡು ಕೈಗಳನ್ನು ನೋಡಿಕೊಂಡ. ಮಗಳು ಸಂಜೆಯಾಗುವ ಮೊದಲೇ ಹೋದಳು. ಅವನು ಮತ್ತೆ ಅವಳನ್ನು ಮುಟ್ಟಲಿಲ್ಲ.

ಆ ಮಾತು ಅವನ ಎದೆಯಲ್ಲಿ ಮುರಿದ ಮುಳ್ಳಾಗಿ ಕೂತಿತು. ಮನೆಯಲ್ಲಿ ಕೈ ತೊಳೆದದ್ದೇ ತೊಳೆದದ್ದು. ಚರ್ಮ ಬಿರುಕು ಬಿಡುವವರೆಗೆ ತೊಳೆದ. ಕೆಲಸಕ್ಕೆ ಹೋಗಲಿಲ್ಲ. ಒಂದು ಬೆಳಿಗ್ಗೆ ಚಹಾ ಕೊಟ್ಟೆ, ಲೋಟ ಹಿಡಿಯದೆ ಕೇಳಿದ:

"ಅತ್ತೆ, ನಾನೇ ಕೊಂದ್ನಾ?"

"ಏನು ಮಾತು ಅಂತ ಆಡ್ತೀಯೋ?"

"ಹೌದೋ ಅಲ್ವೋ ಅಷ್ಟು ಹೇಳಿ. ನಾನಾದ್ರೆ ನನ್ನ ದಾರಿ ನನಗೆ. ನಾನಲ್ಲ ಅಂದ್ರೆ..." ಹಲ್ಲು ಕಚ್ಚಿಕೊಂಡ. "ನಾನಲ್ಲ ಅಂದ್ರೆ ಅವಳನ್ನ ಬಿಡಲ್ಲ."

ನನಗೂ ಆ ಹೆಂಗಸನ್ನು ಬಿಡುವ ಮನಸ್ಸಿರಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳು ಹೋದರೆ ಹೊಟ್ಟೆ ಉರಿಯದೆ ಏನಾಗುತ್ತದೆ? ಆದರೆ ಉರಿಗೆ ದಿಕ್ಕು ಬೇಕು. "ಮೊದಲು ತಿಳ್ಕೋ, ಆಮೇಲೆ ಹಲ್ಲು ಮಸೆ" ಎಂದೆ.

ಹೀಗೆ ನಾವಿಬ್ಬರೂ ಆಸ್ಪತ್ರೆಯ ಹಿಂಭಾಗದ ಲ್ಯಾಬಿಗೆ ಹೋದೆವು. ಅಲ್ಲೊಬ್ಬಳು ಹುಡುಗಿ, ಗಾಯದ ಕೀವನ್ನು ಗಾಜಿನ ತಟ್ಟೆಯ ಮೇಲೆ ಬೆಳೆಸಿ, ಯಾವ ಮದ್ದಿಗೆ ಸಾಯುತ್ತದೆ ಎಂದು ನೋಡುವವಳು. ಅಳಿಯ ಕಿಟಕಿಯೊಳಗೆ ಎರಡೂ ಕೈ ಚಾಚಿ, "ಇದನ್ನ ಪರೀಕ್ಷೆ ಮಾಡಮ್ಮಾ" ಎಂದ.

"ಕೈಗೇನಾಗಿದೆ ಅಣ್ಣಾ?"

"ಅದನ್ನೇ ನೀನು ಹೇಳ್ಬೇಕು."

ವಿಷಯ ಕೇಳಿ ಹುಡುಗಿ ಎದ್ದು ಬಂದಳು. ಹತ್ತಿ ಸುತ್ತಿದ ಕಡ್ಡಿಯಿಂದ ಅವನ ಅಂಗೈ, ಉಗುರು ಸಂದಿ ಎಲ್ಲ ಒರೆಸಿದಳು. ಹೊರಡುವಾಗ ನಾನು ಸುಮ್ಮನೆ ಒಂದು ಮಾತು ಹೇಳಿದೆ. ಅಷ್ಟು ದಿನ ಮಗಳ ಪಕ್ಕ ಸ್ಟೂಲಿನ ಮೇಲೆ ಕೂತವಳು ನಾನು. ಕೂತವರಿಗೆ ಕಣ್ಣು ಕಿವಿಯೇ ಕೆಲಸ. "ಆ ಸಿಂಕಿನ ನೀರು ಅವಳ ಹೊದಿಕೆ ಮೇಲೆಲ್ಲ ಹಾರೋದು, ಅದನ್ನೂ ಒಮ್ಮೆ ನೋಡ್ತೀಯಾ ಮಗಾ?"

ನೋಡಿದಳು. ಮತ್ತೆ ನಾವು ಹೋದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಅಣ್ಣಾ, ನಿಮ್ಮ ಕೈಯಲ್ಲಿ ಅದಿಲ್ಲ. ಸಿಂಕಿನ ತೂತಿನಲ್ಲಿದೆ."

ಅಳಿಯ ಗೋಡೆಗೆ ಒರಗಿ ಹಾಗೇ ಕೂತುಬಿಟ್ಟ. ಎಷ್ಟೋ ಹೊತ್ತು ಅಂಗೈಗಳನ್ನು ಮುಖಕ್ಕೆ ಒತ್ತಿಕೊಂಡಿದ್ದ. ತೆಗೆದಾಗ ಕಣ್ಣು ಕೆಂಡ.

"ಯಾವುದದು? ಹೇಗಿರುತ್ತೆ? ತೋರ್ಸು."

ಕೊಳವೆಯಂಥ ಯಂತ್ರದಲ್ಲಿ ಕಣ್ಣಿಟ್ಟು ನೋಡಿದೆವು. ಬೆಳಕಿನಲ್ಲಿ ಗುಲಾಬಿ ಬಣ್ಣದ ಕಡ್ಡಿಚೂರುಗಳು ಚೆಲ್ಲಿದ ಹಾಗಿತ್ತು. ಇಷ್ಟೇನಾ ಅನ್ನಿಸಿತು. ನನ್ನ ಮಗಳು ಬೆಟ್ಟದಂಥವಳು, ಅವಳನ್ನು ಇದು ತಿಂದಿತೇ?

ಹುಡುಗಿ ಸಮಾಧಾನವಾಗಿ ಬಿಡಿಸಿ ಹೇಳಿದಳು. "ನಮ್ಮ ಮೈಯ ಒಂದೊಂದು ಜೀವಕೋಶನೂ ಕೋಣೆ ಕೋಣೆ ಇರೋ ಮನೆ ಅಜ್ಜಿ. ವಂಶದ ಬರಹ ಎಲ್ಲ ಒಂದು ಕೋಣೇಲಿ ಭದ್ರ. ಬ್ಯಾಕ್ಟೀರಿಯಾದ್ದು ಒಂದೇ ಕೋಣೆ ಸಂಸಾರ. ಹೊರಗೆ ಗೋಡೆ, ಗೋಡೆಗಂಟಿ ತೆಳು ಪೊರೆ, ಒಳಗೆ ಗಟ್ಟಿ ರಸ. ಬರಹದ ದಾರ ನಡುಮನೇಲೇ ಸಿಕ್ಕುಸಿಕ್ಕಾಗಿ ಬಿದ್ದಿರುತ್ತೆ."

"ಬಾಡಿಗೆ ರೂಮಿನ ಬ್ರಹ್ಮಚಾರಿ ಥರ" ಎಂದೆ.

"ಹಾಗೇ ಅಂದ್ಕೊಳ್ಳಿ. ಆ ಉದ್ದ ದಾರ ಅಲ್ದೆ ಕೆಲವದರಲ್ಲಿ ಪುಟ್ಟ ಉಂಗುರಗಳೂ ಇರ್ತವೆ. ದಾರದ್ದೇ ಉಂಗುರ. ಅದಿಲ್ದೇನೂ ಬದುಕ್ತವೆ, ಇದ್ರೆ ಒಂದು ವಿದ್ಯೆ ಜಾಸ್ತಿ. ಈಗ ನಿಮ್ಮ ಮಗಳಿಗೆ ಕೊಟ್ಟ ಮದ್ದು ಏನು ಮಾಡುತ್ತೆ? ಬ್ಯಾಕ್ಟೀರಿಯಾಗೆ ಗೋಡೆ ಕಟ್ಟೋಕೆ ಬಿಡಲ್ಲ. ಗೋಡೆ ಬಿರಿದು ಅದು ಒಡೆದು ಸಾಯ್ಬೇಕು. ಆದ್ರೆ ಈ ಉಂಗುರ ಇದೆಯಲ್ಲ, ಅದರಲ್ಲಿ ಕತ್ತರಿ ಮಾಡೋ ವಿದ್ಯೆ ಇದೆ. ಮದ್ದು ಬರ್ತಿದ್ದ ಹಾಗೇ ಕತ್ತರಿಸಿ ಬಿಸಾಕುತ್ತೆ."

"ಯಾರು ಕಲಿಸಿದ್ದು ಅದಕ್ಕೆ?" ಅಳಿಯ ಕೇಳಿದ, ಪೋಲೀಸಿನವನ ಹಾಗೆ.

"ಅದೇ ಸಂಗತಿ ಅಣ್ಣಾ. ಗಾಯದಲ್ಲಿದ್ದದ್ದು ಒಂದು ಕುಲ. ಆದ್ರೆ ಸಿಂಕಿನಲ್ಲಿ ಅದರ ಜೊತೆ ಇನ್ನೊಂದು ಕುಲದ್ದೂ ಸಿಕ್ತು. ನೀರಲ್ಲಿ ಸುಮ್ನೆ ಬದುಕ್ಕೊಂಡಿರೋದು, ಗಟ್ಟಿಮುಟ್ಟಾಗಿರೋರಿಗೆ ಏನೂ ಮಾಡಲ್ಲ. ದೊಡ್ಡ ಲ್ಯಾಬಿಗೆ ಕಳಿಸಿ ನೋಡಿಸಿದೆ. ಎರಡರಲ್ಲೂ ಇರೋದು ಅದೇ ಉಂಗುರ. ಇವು ಬರೀ ಮಕ್ಕಳಿಗೆ ಆಸ್ತಿ ಕೊಡೋವಲ್ಲ, ಪಕ್ಕದ ಮನೆಯವರಿಗೂ ಕೊಡ್ತವೆ. ಒಂದು ತನ್ನ ಮೈಯಿಂದ ಸಣ್ಣ ಕೊಳವೆ ಚಾಚುತ್ತೆ, ಇನ್ನೊಂದನ್ನ ಹಿಡಿದು ಹತ್ರ ಎಳ್ಕೊಳ್ಳುತ್ತೆ. ಮೈಗೆ ಮೈ ತಾಗಿದ್ಮೇಲೆ ಉಂಗುರದ ಪ್ರತಿ ಆ ಕಡೆ ಹೋಗುತ್ತೆ. ಕೊಟ್ಟಿದ್ದು ತನ್ನದನ್ನ ಕಳ್ಕೊಳ್ಳಲ್ಲ. ಇಬ್ಬರಿಗೂ ಆಯ್ತು. ಸತ್ತು ಒಡೆದು ಹೋದವರ ದಾರ ಹೆಕ್ಕಿ ಒಳಗೆ ಹಾಕ್ಕೊಳ್ಳೋವೂ ಇವೆ."

"ಕೊಳವೆ ಜೋಡಿಸಿ ಕೊಡ್ತವಾ?"

"ಹೂಂ."

ಅಳಿಯ ನಕ್ಕ. "ಅತ್ತೆ, ಕೇಳಿದ್ರಾ? ನನ್ನ ಕಸುಬನ್ನೇ ಕಲಿತು ನನ್ನ ಹೆಂಡ್ತೀನೇ ತಿಂದಿದಾವೆ."

ಅದು ಸಿಂಕಿನಲ್ಲೇ ಯಾಕೆ ಎಂದು ಕೇಳಿದ್ದು ನಾನು. ಹುಡುಗಿ ಮರು ಪ್ರಶ್ನೆ ಹಾಕಿದಳು: "ಆ ಸಿಂಕಿಗೆ ಏನೇನು ಸುರೀತಾರೆ ಅಜ್ಜಿ?" ಅದು ನನಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡ ಸಿಸ್ಟರ್‌ಗೆ ಒಂದು ಕಟ್ಟುನಿಟ್ಟು. ಕಸದ ಚೀಲ ಒಣಗಿರಬೇಕು, ಒಂದು ಹನಿ ನೆಲಕ್ಕೆ ಸೋರಬಾರದು. ಅದಕ್ಕೆ ವಾರ್ಡಿನ ಕೆಲಸದ ಆಯಾ, ಡ್ರಿಪ್ಪಿನ ಬಾಟಲಿಗಳಲ್ಲಿ ಉಳಿದ ಮದ್ದನ್ನೆಲ್ಲ ಸಿಂಕಿಗೆ ಬಗ್ಗಿಸಿ, ಬಾಟಲಿ ಕೊಡವಿ, ಆಮೇಲೆ ಚೀಲಕ್ಕೆ ಹಾಕುವಳು. ರೋಗಿಗಳು ಕುಡಿದು ಬಿಟ್ಟ ಹಾಲು, ಗ್ಲೂಕೋಸ್ ನೀರು, ಸಕ್ಕರೆ ಚಹಾ ಎಲ್ಲವೂ ಅಲ್ಲಿಗೇ. ಆ ವಾರ್ಡಿನ ಕಸದ ಚೀಲದಷ್ಟು ಚೊಕ್ಕಟ ಚೀಲ ನಾನು ಎಲ್ಲೂ ಕಂಡಿಲ್ಲ.

ಹುಡುಗಿ ಹಣೆಗೆ ಕೈ ಹಚ್ಚಿದಳು. "ಸಿಂಕಿನ ಕೆಳಗೆ ಬಾಗಿದ ಕೊಳವೆ ಇರುತ್ತಲ್ಲ..."

"ಟ್ರ್ಯಾಪು" ಎಂದ ಅಳಿಯ. "ವಾಸನೆ ಮೇಲೆ ಬರಬಾರ್ದು ಅಂತ ಅದರಲ್ಲಿ ಯಾವಾಗ್ಲೂ ನೀರು ನಿಂತಿರುತ್ತೆ."

"ಆ ನಿಂತ ನೀರಲ್ಲಿ ಲೋಳೆ ಕಟ್ಕೊಂಡು ಕೂತಿರ್ತವೆ, ಒಂದಕ್ಕೊಂದು ಅಂಟಿಕೊಂಡು. ಸಂತೆಗಿಂತ ಗಿಜಿಗಿಜಿ. ತಿನ್ನೋಕೆ ಹಾಲು ಸಕ್ಕರೆ ಬರುತ್ತೆ. ಮೇಲಿಂದ ಅರೆಬರೆ ಮದ್ದೂ ಬರುತ್ತೆ. ಉಂಗುರ ಇಲ್ಲದವು ಸಾಯ್ತವೆ, ಇದ್ದವು ಜಾಗ ಹಿಡೀತವೆ. ಲೋಳೆ ಕೊಳವೆ ಒಳಗೇ ಮೇಲೇರುತ್ತೆ, ನಲ್ಲಿ ನೀರು ಬಿದ್ದಾಗ ಹಾರುತ್ತೆ. ನಾನು ಮೇಲಿನವರಿಗೆ ಬರೀತೀನಿ ಅಣ್ಣಾ. ಆ ಸುರಿಯೋದು ನಿಲ್ಲಬೇಕು. ಸ್ವಲ್ಪ ತಡೀರಿ."

ತಡೆಯುವುದು ನನ್ನ ಸ್ವಭಾವ, ಅವನದಲ್ಲ. ದಾರಿಯುದ್ದಕ್ಕೂ ಒಂದೇ ಮಾತು: "ಅವಳು ಸಾಕಿದ್ದು. ಹಾಲು ಹಾಕಿ ಸಾಕಿದ್ದು. ಬೇಲೀನೇ ಎದ್ದು ಹೊಲ ಮೇಯ್ತು. ಆಮೇಲೆ ತಪ್ಪು ಹೊರಿಸಿದ್ದು ನನ್ನ ಕೈ ಮೇಲೆ."

ಅಷ್ಟರಲ್ಲಿ ಆಸ್ಪತ್ರೆಯಿಂದಲೇ ಅವನಿಗೆ ಕರೆ ಬಂತು. ತಪಾಸಣೆಗೆ ದೊಡ್ಡವರು ಬರುವವರಿದ್ದರು. ತೊಟ್ಟಿಕ್ಕುವ ನಲ್ಲಿಗಳನ್ನೆಲ್ಲ ಸರಿಮಾಡಿ ಕೊಡಬೇಕಂತೆ. ಹಿಂದೆಯೂ ಅಲ್ಲಿ ಕೆಲಸ ಮಾಡಿದ್ದವನು ಅವನು. "ಬರ್ತೀನಿ ಸಾರ್, ಖಂಡಿತ ಬರ್ತೀನಿ" ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳಿದ. ಅಂದು ಹೊಸ ಅಂಗಿ ಹಾಕಿಕೊಂಡ. ನನ್ನನ್ನೂ ಬನ್ನಿ ಅಂದ.

ವಾರ್ಡು ಹೊಳೆಯುತ್ತಿತ್ತು. ನೆಲದಲ್ಲಿ ಮುಖ ಕಾಣುತ್ತಿತ್ತು. ದೊಡ್ಡ ಸಿಸ್ಟರ್ ಬಂದವರನ್ನು ಮಂಚದಿಂದ ಮಂಚಕ್ಕೆ ಕರೆದುಕೊಂಡು ಬಂದು, "ನಮ್ಮಲ್ಲಿ ಒಂದು ಹನಿ ಗಲೀಜು ಸಿಗಲ್ಲ ಸಾರ್" ಎನ್ನುತ್ತಿದ್ದಳು. ಅವರು ಆ ಮೂಲೆಗೆ ಬಂದು ನಿಂತರು. ಸಿಂಕಿನ ಕೆಳಗೆ ಕೂತಿದ್ದ ಅಳಿಯ ಟ್ರ್ಯಾಪಿನ ಕೊನೆಯ ತಿರುಪನ್ನು ತಿರುಗಿಸಿದ. ಕೆಳಗೆ ಬಕೆಟ್ ಇಟ್ಟಿರಲಿಲ್ಲ. ಬೇಕೆಂದೇ ಇಟ್ಟಿರಲಿಲ್ಲ.

ಕಪ್ಪು ಲೋಳೆ, ಕೂದಲು, ಹುಳಿಹಿಡಿದ ಹಾಲಿನ ಗಡ್ಡೆ ಆ ಕನ್ನಡಿಯಂಥ ನೆಲದ ಮೇಲೆ ಬಿದ್ದು ಹರಡಿತು. ಬಂದವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಒಬ್ಬರ ಬೂಟಿಗೂ ಸಿಡಿಯಿತು. ಅವನು ಕೊಳವೆಯನ್ನು ಎತ್ತಿ ಹಿಡಿದು, "ಇದು ಇಲ್ಲಿನ ಸ್ವಚ್ಛತೆ ಸಾರ್" ಎಂದ. ಬೇರೆ ಒಂದಕ್ಷರ ಹೇಳಲಿಲ್ಲ. ಮದ್ದಿನ ಮಾತಿಲ್ಲ, ಉಂಗುರದ ಮಾತಿಲ್ಲ. ಬರೀ ಕೊಳಕು ತೋರಿಸಿದ. ಆಮೇಲೆ ದೊಡ್ಡ ಸಿಸ್ಟರ್ ಕಡೆಗೆ ಬಗ್ಗಿ, ಅವಳಿಗೂ ನನಗೂ ಅಷ್ಟೇ ಕೇಳುವ ಹಾಗೆ, "ಸೋಂಕು ತರೋರು ನಾವಲ್ವಾ ಸಿಸ್ಟರ್?" ಎಂದ.

ಅವಳ ಮುಖ ಸುಣ್ಣವಾಯಿತು. ನನ್ನ ಹೊಟ್ಟೆ ತಣ್ಣಗಾಯಿತು.

ವಾರ್ಡು ಕೊಳಕಾಗಿಟ್ಟಳೆಂದು ಅವಳನ್ನು ಊರಿನ ಇನ್ನೊಂದು ತುದಿಯ ಆಸ್ಪತ್ರೆಗೆ, ಎಳೆಮಕ್ಕಳ ವಾರ್ಡಿಗೆ ವರ್ಗ ಮಾಡಿದರು. ಸುದ್ದಿ ಬಂದ ದಿನ ಅಳಿಯ ಸ್ಪ್ಯಾನರಿಗೆ ಎಣ್ಣೆ ಹಚ್ಚುತ್ತಾ ಶಿಳ್ಳೆ ಹಾಕಿದ. ಮಗಳು ಹೋದಮೇಲೆ ಅದೇ ಮೊದಲು. ಮತ್ತೆ ಕೆಲಸಕ್ಕೆ ಹೋಗಲು ಶುರುಮಾಡಿದ.

ಆ ಸುಖ ಬಹಳ ದಿನ ಬಾಳಲಿಲ್ಲ. ಲ್ಯಾಬಿನ ಹುಡುಗಿ ಮನೆ ಹುಡುಕಿಕೊಂಡು ಬಂದಳು. ಕೂರು ಅಂದರೆ ಕೂರಲಿಲ್ಲ.

"ಏನಣ್ಣಾ, ಖುಷೀನಾ?"

"ಆಗ್ದೆ ಮತ್ತೆ?"

"ನನ್ನ ಕಾಗದ ಮೂಲೆಗೆ ಬಿತ್ತು. ಸಿಂಕು ಕೊಳಕಿತ್ತು, ಸಿಸ್ಟರನ್ನ ಎತ್ತಿ ಹಾಕಾಯ್ತು, ಹೊಸ ಕೊಳವೆ ಬಂತು, ಕತೆ ಮುಗೀತು ಅಂದ್ರು. ಮದ್ದು ಸುರಿಯೋದು ನಿಂತೇ ಇಲ್ಲ. ಕೆಳಗಿನ ಪೈಪಿಂದ ಲೋಳೆ ಮತ್ತೆ ಮೇಲೆ ಬಂದಿದೆ, ನಿಮ್ಮ ಹೊಸ ಟ್ರ್ಯಾಪಿಗೂ. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ರಿ ನೀವು."

ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

"ಇನ್ನೂ ಕೇಳಿ. ಆ ಸಿಸ್ಟರ್‌ಗೆ ತಾನು ಮಾಡಿದ ತಪ್ಪೇನು ಅಂತ ಗೊತ್ತೇ ಇಲ್ಲ. ಕೊಳಕು ಅಂತ ತಾನೇ ಕಳಿಸಿದ್ದು? ಅದಕ್ಕೆ ಅಲ್ಲಿ ಹೋಗಿ ಮೊದಲಿಗಿಂತ ಬಿಗಿ ಮಾಡಿದಾರೆ. ಉಳಿದ ಮದ್ದು, ಮಕ್ಕಳು ಬಿಟ್ಟ ಹಾಲು, ಎಲ್ಲ ಸಿಂಕಿಗೆ, ಕಸದ ಚೀಲ ಒಣಗಿರ್ಬೇಕು ಅಂತ. ಅಲ್ಲಿ ಆ ಪದ್ಧತಿ ಇರಲೇ ಇಲ್ಲ. ಇಲ್ಲಿಂದ ಅಲ್ಲಿಗೆ ಕೊಳವೆ ಜೋಡಿಸಿ ಕಳಿಸಿದ್ದು ನೀವು ಅಣ್ಣಾ. ನೀವೇ ಹೋಗಿ ಅವರಿಗೆ ಹೇಳಿ." ಇಷ್ಟು ಹೇಳಿ ಚಪ್ಪಲಿ ಮೆಟ್ಟಿ ಹೊರಟೇಹೋದಳು.

ಅವನು ಹೊಸ್ತಿಲಲ್ಲಿ ಕೂತ. "ಹೋಗಿ ಹೇಳ್ಬೇಕಂತೆ. ಅವಳ ಮುಂದೆ ಹೋಗಿ ನಿಂತು, ಹೀಗೆ ಮಾಡ್ಬೇಡ ತಾಯಿ ಅಂತ ಹೇಳ್ಬೇಕಂತೆ. ನನ್ನ ಕೈಲಾಗಲ್ಲ ಅತ್ತೆ. ಅವಳಿಗೆ ಒಳ್ಳೇದಾಗೋ ಒಂದು ಮಾತೂ ನನ್ನ ಬಾಯಿಂದ ಬರಲ್ಲ" ಎಂದ.

"ಅವಳಿಗೆ ಒಳ್ಳೇದಾಗ್ಲಿ ಅಂತ ಯಾರೋ ಅಂದ್ರು? ಕ್ಷಮಿಸು ಅಂತ ನಾನು ಹೇಳ್ದೆನಾ? ನಾನೂ ಕ್ಷಮಿಸಿಲ್ಲ. ಆದ್ರೆ ನನ್ನ ಮಗಳನ್ನ ತಿಂದಿದ್ದು ಅಲ್ಲಿ ಎಳೆಮಕ್ಕಳ ಪಕ್ಕ ಕೂತು ಹಾಲು ಕುಡೀತಿದೆ. ನೀನಿಲ್ಲಿ ಶಿಳ್ಳೆ ಹಾಕು."

ಅವನು ನನ್ನನ್ನು ನೋಡಿದ ನೋಟ! ಕಪಾಳಕ್ಕೆ ಹೊಡೆಸಿಕೊಂಡವನ ಹಾಗೆ. ಎದ್ದು ಸ್ಪ್ಯಾನರಿನ ಚೀಲ ಹೆಗಲಿಗೇರಿಸಿದ.

ಆ ವಾರ್ಡಿನಲ್ಲಿ ಸಾಲು ತೊಟ್ಟಿಲುಗಳು, ಕೊನೆಗೊಂದು ಸಿಂಕು. ದೊಡ್ಡ ಸಿಸ್ಟರ್ ಕೃಶವಾಗಿದ್ದಳು, ಆದರೆ ಇಸ್ತ್ರಿ ಅದೇ ಇಸ್ತ್ರಿ. ಅವನನ್ನು ಕಂಡವಳೇ ಬಾಗಿಲಿಗೆ ಅಡ್ಡ ನಿಂತಳು.

"ಇಲ್ಲೂ ಚೆಲ್ಲೋಕೆ ಬಂದ್ರಾ? ಇಲ್ಯಾರೂ ದೊಡ್ಡವರು ಬಂದಿಲ್ಲ ಇವತ್ತು. ಯಾರ ಮುಂದೆ ಚೆಲ್ತೀರಿ?"

"ನಿಮ್ಮ ಮುಂದೆ" ಎಂದ. "ಕೊಳಕು ಅಂದಿದ್ದು ಸುಳ್ಳು. ನೀವು ಕೊಳಕಲ್ಲ. ಕೊಳಕಾಗಿದ್ದಿದ್ರೆ ನನ್ನ ಹೆಂಡ್ತಿ ಬದುಕ್ತಿದ್ಲು."

ಅವಳಿಗೆ ಅರ್ಥವಾಗಲಿಲ್ಲ. ಅವನು ಹೇಳಿದ. ಚೆನ್ನಾಗೇನೂ ಹೇಳಲಿಲ್ಲ, ಕತ್ತರಿ, ಉಂಗುರ, ಕೊಳವೆ, ಹಾಲು ಎಲ್ಲ ಹಿಂದುಮುಂದು ಮಾಡಿದ. ನಡುವೆ ಬೈಗುಳವೂ ಬಂತು. ಅಡ್ಡದಾರಿ ಹಿಡಿದಲ್ಲಿ ನಾನು ಮಾತು ಜೋಡಿಸಿದೆ. ಬಾಟಲಿಯಲ್ಲಿ ಉಳಿದ ಮದ್ದು ಅಂದಾಗ ಅವಳ ಕಣ್ಣು ಸಿಂಕಿನ ಕಡೆ ಹೋಯಿತು; ಅಲ್ಲಿ ಆಯಾ ಒಬ್ಬಳು ಆಗಷ್ಟೇ ಒಂದು ಬಾಟಲಿ ಬಗ್ಗಿಸುತ್ತಿದ್ದಳು.

"ನಿಲ್ಲಿಸೇ!" ಎಂದು ದೊಡ್ಡ ಸಿಸ್ಟರ್ ಕೂಗಿದಳು. ತೊಟ್ಟಿಲಲ್ಲಿ ಒಂದು ಮಗು ಬೆಚ್ಚಿ ಅತ್ತಿತು.

ಅವಳು ನಿಧಾನವಾಗಿ ಸ್ಟೂಲಿನ ಮೇಲೆ ಕೂತಳು. "ಆ ಮೂಲೆ ಮಂಚ... ನಾನೇ ಕೊಟ್ಟಿದ್ದು. ಕಿಟಕಿ ಇದೆ, ಗಾಳಿ ಬರುತ್ತೆ, ಪಾಪ ಒಳ್ಳೆ ಹುಡುಗಿ ಅಂತ."

ನಾನು ಅಳಿಯನನ್ನು ನೋಡಿದೆ. ಕರಗುತ್ತಾನೇನೋ ಅಂದುಕೊಂಡೆ. ಅವನು ಕರಗಲಿಲ್ಲ. ಸಿಂಕಿನ ಕೆಳಗೆ ಕೂತು, ಮೂಲೆಯಲ್ಲಿದ್ದ ಬಕೆಟ್ಟನ್ನು ಕಾಲಿನಿಂದ ಅವಳ ಕಡೆ ತಳ್ಳಿದ.

"ಹಿಡೀರಿ."

"ನಾನಾ?"

"ಇನ್ಯಾರು?"

ಆಯಾ ಮುಂದೆ ಬಂದಳು. ದೊಡ್ಡ ಸಿಸ್ಟರ್ ಅವಳನ್ನು ಕೈಯಿಂದ ತಡೆದು, ಗ್ಲೌಸು ಹಾಕಿಕೊಂಡು, ಆ ಇಸ್ತ್ರಿಯ ಬಟ್ಟೆಯಲ್ಲೇ ನೆಲಕ್ಕೆ ಮಂಡಿಯೂರಿದಳು. ತಿರುಪು ಬಿಚ್ಚಿತು. ಲೋಳೆ ಇಳಿಯಿತು, ಮೊದಲಿನ ವಾರ್ಡಿನದರಷ್ಟು ಹಳತಲ್ಲ, ಆದರೆ ಆಗಲೇ ಬೆಳೆಯತೊಡಗಿತ್ತು. ಬಕೆಟ್ ವಾಲಿತು.

"ನೆಟ್ಟಗೆ ಹಿಡೀರಿ ಸಿಸ್ಟರ್. ಒಂದು ಹನಿ ಕೆಳಗೆ ಬೀಳಬಾರ್ದು. ಸರಿಯಾಗಿ ನೋಡಿ. ಇದೇ."

ಅವಳು ನೋಡಿದಳು. ಮುಖ ತಿರುಗಿಸಲಿಲ್ಲ.

ಅಂದು ಅವನು ನಲ್ಲಿಯನ್ನು ಪಕ್ಕಕ್ಕೆ ಸರಿಸಿ ಹಾಕಿದ, ನೀರು ತೂತಿನ ಮೇಲೆ ನೇರ ಬೀಳದ ಹಾಗೆ. ಉಳಿದ ಮದ್ದಿಗೆ ಬೇರೆ ಡಬ್ಬ ಬಂತು. ಎರಡೂ ಆಸ್ಪತ್ರೆಯಲ್ಲಿ ಸುರಿಯುವುದು ನಿಂತಿದ್ದು ಅವಳು ತಾನೇ ಹಾಗೆ ಸುರಿಸಿದೆನೆಂದು ಕೈಯಾರೆ ಮೇಲಿನವರಿಗೆ ಬರೆದು ಕೊಟ್ಟಮೇಲೆ. ಅದಕ್ಕೆ ಅವಳಿಗೆ ಏನು ಶಿಕ್ಷೆಯಾಯಿತೋ ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹೊರಡುವಾಗ ಅವಳು, "ಇನ್ನು ಬರಲ್ವಲ್ಲಾ?" ಎಂದು ಕೇಳಿದಳು. ದನಿಯಲ್ಲಿ ಭಯವಿತ್ತೋ ಬಿನ್ನಹವಿತ್ತೋ ನನಗೆ ತಿಳಿಯಲಿಲ್ಲ.

"ಬರ್ತೀನಿ" ಎಂದ. "ಅದು ಕೆಳಗಿಂದ ಮತ್ತೆ ಬರುತ್ತೆ. ಅದು ಬರ್ತಾ ಇರೋವರೆಗೂ ನಾನೂ ಬರ್ತೀನಿ."

ಈಗಲೂ ಹೋಗುತ್ತಾನೆ. ಕೆಲವೊಮ್ಮೆ ನಾನೂ ಜೊತೆಗೆ ಹೋಗಿ ತೊಟ್ಟಿಲುಗಳ ಪಕ್ಕ ಕೂರುತ್ತೇನೆ. ಅವಳಿಗೆ ತಲೆ ನರೆತಿದೆ, ಅವನಿಗೂ. ನಮಸ್ಕಾರವಿಲ್ಲ, ಹೇಗಿದೀರಿ ಎಂಬ ಮಾತಿಲ್ಲ. ಅವನು ಸಿಂಕಿನ ಕೆಳಗೆ ಕೂರುತ್ತಾನೆ, ಅವಳು ಗ್ಲೌಸು ಹಾಕಿಕೊಂಡು ಬಕೆಟ್ ತಂದು ಹಿಡಿಯುತ್ತಾಳೆ. ಒಮ್ಮೆ ಅವಳು ರಜೆಯಲ್ಲಿದ್ದಳು. ಬೇರೊಬ್ಬ ಸಿಸ್ಟರ್ ಬಂದು, "ಕೊಡಿ, ನಾನು ಹಿಡೀತೀನಿ" ಅಂದಳು. ಅವನು ಸ್ಪ್ಯಾನರನ್ನು ಚೀಲಕ್ಕೆ ಹಾಕಿ, "ಬೇಡಮ್ಮಾ, ಅವರು ಬಂದ ದಿನ ಬರ್ತೀನಿ" ಎಂದು ಹೊರಟುಬಂದ.